ಕರೆಂಟ್ ಇಲ್ಲದ ಬೆಳಗಿಗೆ ಬಿಸಿನೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಇನ್ನೇನು ಬಂತು ಎನ್ನುವ ಹೊತ್ತಿಗೆ ಈ ಅಂಕಣಕ್ಕೆ ಬಿಸಿನೀರಿನ ಪತ್ರಗಳು ಶುರುವಾಗುತ್ತವೆ. ಯಾವ ಕಂಪನಿಯ ಗೀಸರ್ ಒಳ್ಳೆಯದು ಎಂದು ಕೇಳುವವರೇ ಹೆಚ್ಚು. ಈ ಸಲ ಅವನ್ನು ಬದಿಗಿಟ್ಟು, ಕರೆಂಟ್ ಕೈಕೊಡುವ ಮನೆಗಳಿಂದ ಬಂದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗಲೂ ನಾನು ಒತ್ತಿ ಹೇಳುತ್ತಿದ್ದದ್ದು ಒಂದೇ ಮಾತು: ವರ್ಷದ ಅತಿ ಕೆಟ್ಟ ಬೆಳಗನ್ನು ಕಣ್ಣ ಮುಂದಿಟ್ಟುಕೊಂಡು ನೀರು ಕಾಯಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಉಳಿದ ದಿನಗಳು ಹೇಗೋ ನಡೆಯುತ್ತವೆ.

ಪ್ರಶ್ನೆ: ಅಡಿಕೆ ತೋಟದ ನಡುವಿನ ಒಂಟಿ ಮನೆ ನಮ್ಮದು. ಮಗಳಿಗೆ ಆಷಾಢದಲ್ಲಿ ಹೆರಿಗೆ, ಬಾಣಂತನ ಇಲ್ಲಿಯೇ. ಈಗ ಬಚ್ಚಲಿಗೆ ಟೈಲ್ಸ್ ಹಾಕಿಸುತ್ತಿದ್ದೇವೆ. ಹಂಡೆ ಒಲೆ ಒಡೆಸಿ 25 ಲೀಟರಿನ ಗೀಸರ್ ಕೂರಿಸಿ ಎಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಬರುವುದಿಲ್ಲ. ಹಂಡೆಯನ್ನು ಮುಟ್ಟಕೂಡದು ಎಂದು ನಮ್ಮ ಅತ್ತೆ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? ಸೋಲಾರ್ ಹಾಕಿಸಿದರೆ ಹೇಗೆ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಇಬ್ಬರ ಮಾತನ್ನೂ ಕೇಳಿ, ಮೊದಲು ಅತ್ತೆಯವರದ್ದನ್ನು. ಹಂಡೆ ಒಲೆಗೆ ಸುತ್ತಿಗೆ ಮುಟ್ಟಿಸಬಾರದು ಎಂದು ಟೈಲ್ಸ್ ಕೆಲಸದವರಿಗೆ ಇವತ್ತೇ ಹೇಳಿಬಿಡಿ.

ಲೆಕ್ಕ ಹಾಕಿ ನೋಡೋಣ. ಆಷಾಢದಲ್ಲಿ ನಿಮ್ಮ ಕಡೆ ಟ್ಯಾಂಕಿನ ನೀರು 21 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. 25 ಲೀಟರನ್ನು 65 ಡಿಗ್ರಿಗೆ ಏರಿಸಲು ಒಂದೂಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. 2,000 ವಾಟ್‌ನ ಗೀಸರ್‌ಗೆ 230 ವೋಲ್ಟ್ ಸಿಕ್ಕರೆ ಅದು 40 ನಿಮಿಷದ ಕೆಲಸ. ಆದರೆ ಲೈನಿನ ತುದಿಯ ಒಂಟಿ ಮನೆಗೆ ಅಷ್ಟು ವೋಲ್ಟೇಜ್ ಸಿಗುವುದು ಕಷ್ಟ. 170 ವೋಲ್ಟ್‌ಗೆ ಇಳಿದರೆ ಕಾಯಿಲ್‌ನ ಶಕ್ತಿ ಕಾಲು ಭಾಗವಷ್ಟೇ ಕಡಿಮೆಯಾಗುತ್ತದೆ ಎಂದು ತೋರುತ್ತದೆ. ವಾಸ್ತವದಲ್ಲಿ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿದು ಸುಮಾರು 1,100 ವಾಟ್‌ಗೆ ಬಂದು ನಿಲ್ಲುತ್ತದೆ. 40 ನಿಮಿಷದ ಕೆಲಸಕ್ಕೆ 70 ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಕರೆಂಟ್ ಇನ್ನೊಮ್ಮೆ ಹೋಗದಿದ್ದರೆ ಪುಣ್ಯ.

ಹಾಗೆ ಕಾದ 25 ಲೀಟರಿಗೆ ತಣ್ಣೀರು ಬೆರೆಸಿ ಸ್ನಾನದ ಹದಕ್ಕೆ, 42 ಡಿಗ್ರಿಗೆ ತಂದರೆ 50 ಲೀಟರ್ ಸಿಗುತ್ತದೆ, ಅಂದರೆ ಮೂರು ಬಕೆಟ್. ಬೇರೆ ದಿನಗಳಲ್ಲಿ ಇಬ್ಬರಿಗೆ ಧಾರಾಳ. ಆದರೆ ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯುವ ಕ್ರಮ ನಿಮಗೆ ಗೊತ್ತೇ ಇದೆ, ಮೂರು ಬಕೆಟ್ ಬೆನ್ನು ಸೊಂಟಕ್ಕೇ ಸಾಲುವುದಿಲ್ಲ. ಮಗುವಿನ ಸ್ನಾನ, ದಿನವೂ ಒಗೆಯಬೇಕಾದ ಗುಡ್ಡೆ ಬಟ್ಟೆ ಬೇರೆ. ಅದೇ 60 ಲೀಟರಿನ ಹಂಡೆಯ ನೀರು 75 ಡಿಗ್ರಿಗೆ ಕಾದರೆ 150 ಲೀಟರ್ ಸ್ನಾನದ ನೀರಾಗುತ್ತದೆ. ಒಲೆಯ ಕೆಂಡದ ಮೇಲೆ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಎರಡು ದಿನ ಲೈನ್‌ಮನ್ ಬಾರದಿದ್ದರೂ ಮನೆ ನಡೆಯುತ್ತದೆ.

ಹೊಗೆಯ ವಿಷಯದಲ್ಲಿ ನಿಮ್ಮ ಮಗನ ಆತಂಕಕ್ಕೆ ಆಧಾರವಿದೆ. ಬಚ್ಚಲ ಒಳಗೇ ಬಾಯಿ ಇರುವ ಹಳೆಯ ಒಲೆ ಬಾಣಂತಿಗೂ ಕೂಸಿಗೂ ಆಗುವುದಿಲ್ಲ. ಗೋಡೆ ಹೇಗೂ ಕೆಲಸದಲ್ಲಿದೆಯಲ್ಲ, ಒಲೆಯ ಬಾಯಿಯನ್ನು ಹೊರಗಿನ ಜಗಲಿಯ ಕಡೆಗೆ ತಿರುಗಿಸಿ. ಕೆಳಗೆ ಕಬ್ಬಿಣದ ಸರಳಿನ ಜಾಲರಿ ಕೂರಿಸಿ, ಬೂದಿ ಕೆಳಗೆ ಬಿದ್ದು ಗಾಳಿ ಮೇಲೆ ಬರುವಂತೆ ಮಾಡಿಸಿ, ಮಾಡಿನ ಮೇಲೆ ಏರುವ ಹೊಗೆಕೊಳವೆ ಇಡಿ. ಹಂಡೆಯ ತಳವಷ್ಟೇ ಅಲ್ಲದೆ ಹೊಟ್ಟೆಯ ಸುತ್ತಲೂ ಬಿಸಿ ಗಾಳಿ ಸುತ್ತಿ ಹೋಗುವಂತೆ ಎರಡು ಬೆರಳಿನ ಸಂದು ಬಿಟ್ಟು ಕಟ್ಟಿದರೆ ಸೌದೆ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕದವರು ರೂಪಿಸಿದ ಒಲೆಗಳ ಮೂಲ ತತ್ತ್ವವೂ ಇದೇ. ಉರಿಗೆ ಬೇಕಾದಷ್ಟೇ ಗಾಳಿ, ಪಾತ್ರೆಗೆ ತಾಗಿಕೊಂಡು ಹೋಗುವ ಶಾಖ, ಹೊಗೆ ಹೊರಕ್ಕೆ. ಅಸ್ತ್ರ ಒಲೆ ಕಟ್ಟಿ ಗೊತ್ತಿರುವವರು ನಿಮ್ಮ ಸುತ್ತಮುತ್ತ ಸಿಕ್ಕರೆ ಅವರನ್ನೇ ಕರೆಸಿ. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು, ಇಲ್ಲವಾದರೆ ಹೊಗೆ ತಿರುಗಿ ಒಳಗೇ ಬರುತ್ತದೆ.

ಉರುವಲಿಗೆ ನಿಮ್ಮಲ್ಲಿ ಕೊರತೆಯಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಕರಟ, ಸೋಗೆ ಎಲ್ಲವನ್ನೂ ಮಳೆಗೆ ಮೊದಲೇ ಕೊಟ್ಟಿಗೆ ಅಟ್ಟಕ್ಕೆ ಏರಿಸಿಬಿಡಿ. ಹಸಿ ಸೌದೆಯ ಒಲೆಗೆ ಎಷ್ಟು ಒಳ್ಳೆಯ ಕೊಳವೆ ಇದ್ದರೂ ಪ್ರಯೋಜನವಿಲ್ಲ. ಸಾಗರದ ನಮ್ಮ ಮನೆಯಲ್ಲಿ ಕರಟವನ್ನು ಬೇರೆ ಚೀಲದಲ್ಲಿ ತುಂಬಿಡುತ್ತೇವೆ. ಜಡಿಮಳೆಯ ಬೆಳಗ್ಗೆ ಒಲೆ ಹೊತ್ತಿಕೊಳ್ಳುವುದು ಅದರಿಂದಲೇ.

ಇನ್ನು ಗೀಸರ್. ಅದನ್ನೂ ಹಾಕಿಸಿ, ಒಲೆಯ ಶಾಖ ತಾಗದ ಎದುರು ಗೋಡೆಗೆ. ಮೂರು ಲೀಟರಿನ ದಿಢೀರ್ ಗೀಸರ್ ಬೇಡವೇ ಬೇಡ, ಕರೆಂಟ್ ಇದ್ದಾಗ ಮಾತ್ರ ಅದಕ್ಕೆ ಜೀವ. 25 ಲೀಟರಿನ ಶೇಖರಣಾ ಗೀಸರ್‌ನಲ್ಲಿ ನೀರೇ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಐದು ನಕ್ಷತ್ರದ್ದನ್ನೇ ಕೊಳ್ಳಿ; ಆ ನಕ್ಷತ್ರಗಳು ಸೂಚಿಸುವುದು ಸ್ವಿಚ್ ಆರಿಸಿದ ಮೇಲೆ ಶಾಖ ಎಷ್ಟು ಕಡಿಮೆ ಸೋರುತ್ತದೆ ಎಂಬುದನ್ನು. ನಿಮಗೆ ಬೇಕಾದದ್ದು ಅದೇ. ಮಧ್ಯರಾತ್ರಿ ಕರೆಂಟ್ ಬಂದಾಗ ಕಾಯಿಸಿಟ್ಟ ನೀರು ಬೆಳಗಿನ ಹೊತ್ತಿಗೆ 65ರಿಂದ 50ಕ್ಕೆ ಇಳಿದಿದ್ದರೂ ಎರಡು ಬಕೆಟ್ ಸ್ನಾನದ ನೀರು ಸಿಕ್ಕೇ ಸಿಗುತ್ತದೆ.

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಗೀಸರ್‌ನಿಂದ ಬಿಸಿನೀರು ಹೊರಬರುವುದು ಕೆಳಗಿನಿಂದ ತಣ್ಣೀರು ಒಳನುಗ್ಗಿ ಅದನ್ನು ಮೇಲಕ್ಕೆ ತಳ್ಳಿದಾಗ. ಮೇಲಿನ ಟ್ಯಾಂಕ್ ಬರಿದಾಗಿದ್ದರೆ ಗೀಸರ್ ತುಂಬ ಬಿಸಿನೀರಿದ್ದರೂ ನಲ್ಲಿಯಲ್ಲಿ ಹನಿ ಬೀಳುವುದಿಲ್ಲ. ಬಾವಿಯ ಪಂಪು ಓಡುವುದಕ್ಕೂ ಕರೆಂಟೇ ಬೇಕಲ್ಲ. ಹಾಗಾಗಿ ಗುಡ್ಡದಿಂದ ಅಬ್ಬಿ ನೀರು ತಾನಾಗಿ ಇಳಿದು ಬರುವ ಅನುಕೂಲ ಇಲ್ಲದಿದ್ದರೆ, ಸಾವಿರ ಲೀಟರಿನ ಟ್ಯಾಂಕ್ ಒಂದನ್ನು ಎತ್ತರದಲ್ಲಿ ಕೂರಿಸಿ. ಕರೆಂಟ್ ಬಂದ ಕೂಡಲೇ ಮೊದಲು ಪಂಪು, ಆಮೇಲೆ ಗೀಸರ್. ಎರಡನ್ನೂ ಒಟ್ಟಿಗೆ ಹಾಕಿದರೆ ಆ ಬಡಕಲು ವೋಲ್ಟೇಜಿನಲ್ಲಿ ಎರಡೂ ಸರಿಯಾಗಿ ನಡೆಯುವುದಿಲ್ಲ.

ಸೋಲಾರ್ ನಿಮಗೆ ಅಕ್ಟೋಬರ್‌ನಿಂದ ಮೇ ತನಕ ಒಳ್ಳೆಯದು. ಆಷಾಢದ ಮೋಡದಲ್ಲಿ ಅದನ್ನು ನಂಬಿಕೊಂಡು ಬಾಣಂತನ ಮಾಡುವುದಕ್ಕಾಗದು. ತೆಗೆದಿಟ್ಟ ಹಣ ಈಗ ಒಲೆಗೂ ಟ್ಯಾಂಕಿಗೂ ಹೋಗಲಿ.

ಕೊನೆಯ ಮಾತನ್ನು ಕೈಮುಗಿದು ಹೇಳುತ್ತೇನೆ. ಕರೆಂಟ್ ಇಲ್ಲ, ಚಳಿ ಎಂದು ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಹೊಗೆಯಾಡದ ಕೆಂಡದಿಂದಲೂ ಇಂಗಾಲದ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ. ಮಗುವಿನ ಸ್ನಾನದ ನೀರು ಮೈಬಿಸಿಯಷ್ಟಿದ್ದರೆ ಸಾಕು, ಮೊಣಕೈ ಅದ್ದಿ ನೋಡಿ. ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆದರೆ ತಾಯಿಗೆ ನೀರೆರೆಯುವ ಮುನ್ನ ವೈದ್ಯರನ್ನು ಕೇಳಿ.

ಪ್ರಶ್ನೆ: ಮನೆಯಲ್ಲಿ 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದೆ. ಅದರಲ್ಲಿ ಗೀಸರ್ ಓಡಿಸಬಹುದೆ? ದೊಡ್ಡ ಇನ್ವರ್ಟರ್ ತಂದರೆ?
— ಓದುಗರು, ದಾವಣಗೆರೆ

ಉತ್ತರ: ಆಗುವುದಿಲ್ಲ. ನಿಮ್ಮ ಇನ್ವರ್ಟರ್ ತಡೆಯುವ ಭಾರದ ಎರಡು ಪಟ್ಟಿಗಿಂತ ಹೆಚ್ಚು ಗೀಸರ್ ಒಂದೇ ಕೇಳುತ್ತದೆ. ದೊಡ್ಡ ಇನ್ವರ್ಟರ್ ತಂದರೂ ಶಕ್ತಿ ಬರಬೇಕಾದದ್ದು ಬ್ಯಾಟರಿಯಿಂದಲೇ ತಾನೆ? 12 ವೋಲ್ಟ್, 150 ಎಎಚ್ ಬ್ಯಾಟರಿ ತುಂಬಿದಾಗ ಕಾಗದದ ಮೇಲೆ ಅದರಲ್ಲಿರುವುದು 1.8 ಯೂನಿಟ್. 2,000 ವಾಟ್ ಎಳೆದರೆ ತಂತಿಯಲ್ಲಿ 170 ಆಂಪಿಯರ್ ಹರಿಯುತ್ತದೆ, ಅಷ್ಟು ಬಿರುಸಾಗಿ ಹಿಂಡಿದರೆ ಆ 1.8 ಕೂಡ ಪೂರ್ತಿ ಕೈಗೆ ಸಿಗುವುದಿಲ್ಲ, ಬ್ಯಾಟರಿಯ ಆಯಸ್ಸು ತೀರುತ್ತದೆ. ಒಂದು ಸ್ನಾನಕ್ಕಾಗಿ ಇಡೀ ರಾತ್ರಿಯ ದೀಪ, ಫ್ಯಾನ್ ಕಳೆದುಕೊಳ್ಳಬೇಡಿ. ಗೀಸರ್‌ನ 16 ಆಂಪಿಯರ್ ಪ್ಲಗ್ಗನ್ನು ವೈರಿಂಗ್ ಮಾಡಿದವರು ಇನ್ವರ್ಟರ್ ಲೈನಿಗೆ ಸೇರಿಸಿಲ್ಲವಷ್ಟೆ? ಎಲೆಕ್ಟ್ರಿಷಿಯನ್ ಕರೆಸಿ ಖಚಿತಪಡಿಸಿಕೊಳ್ಳಿ. ನಿಮ್ಮಲ್ಲಿ ಕರೆಂಟ್ ಹೋಗುವ ಸಮಯ ಗೊತ್ತಿದ್ದರೆ ಅದಕ್ಕೆ ಮೊದಲೇ ಶೇಖರಣಾ ಗೀಸರ್‌ನಲ್ಲಿ ಕಾಯಿಸಿಡಿ, ಅಷ್ಟೇ ಸಾಕು.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ. ಬೆಳಗ್ಗೆ ಕರೆಂಟ್ ಹೋಗುವುದರಿಂದ ಗ್ಯಾಸ್ ಗೀಸರ್ ತರೋಣ ಎಂದುಕೊಂಡಿದ್ದೇವೆ. ಬಚ್ಚಲಿಗೆ ಕಿಟಕಿ ಇದ್ದ ಜಾಗದಲ್ಲಿ ಮಾಲೀಕರು ಗಾಜು ಕೂರಿಸಿ ಮುಚ್ಚಿದ್ದಾರೆ, ಆದರೆ ಎಕ್ಸಾಸ್ಟ್ ಫ್ಯಾನ್ ಇದೆ. ಫ್ಯಾನ್ ಹಾಕಿಕೊಂಡು ಸ್ನಾನ ಮಾಡಿದರೆ ತೊಂದರೆ ಇಲ್ಲ ಎಂದು ಅಂಗಡಿಯವರು ಹೇಳಿದರು. ನಿಜವೆ?
— ಓದುಗರು, ಬೆಂಗಳೂರು

ಉತ್ತರ: ನಿಜವಲ್ಲ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಗ್ಯಾಸ್ ಗೀಸರ್ ಬೇಕಾಗಿರುವುದು ಕರೆಂಟ್ ಹೋದಾಗ. ಕರೆಂಟ್ ಹೋದಾಗ ಎಕ್ಸಾಸ್ಟ್ ಫ್ಯಾನ್ ನಿಂತಿರುತ್ತದೆ. ಗೀಸರ್ ಮಾತ್ರ ಎರಡು ಟಾರ್ಚ್ ಸೆಲ್ಲಿನ ಕಿಡಿಯಿಂದ ಹೊತ್ತಿಕೊಂಡು ಉರಿಯುತ್ತಲೇ ಇರುತ್ತದೆ. ನಿಮ್ಮನ್ನು ಕಾಯಬೇಕಾದ ಫ್ಯಾನ್ ಬೇಕಾದ ಗಳಿಗೆಯಲ್ಲೇ ಇರುವುದಿಲ್ಲ. ಈ ಉತ್ತರವನ್ನು ಮನೆಯ ಪ್ರತಿಯೊಬ್ಬರಿಗೂ ಓದಿ ಹೇಳಿ.

ನಿಮಿಷಕ್ಕೆ ಆರು ಲೀಟರ್ ಕೊಡುವ ಗ್ಯಾಸ್ ಗೀಸರ್‌ನ ಉರಿ ಎಷ್ಟೆಂದರೆ, ಅಡುಗೆ ಒಲೆಯ ದೊಡ್ಡ ಬರ್ನರ್‌ಗಳು ನಾಲ್ಕೈದನ್ನು ಒಟ್ಟಿಗೆ ಪೂರ್ತಿ ತೆರೆದಿಟ್ಟಂತೆ. ಪೂರ್ತಿ ಉರಿಯಲ್ಲಿ ಅದು ಗಂಟೆಗೆ ಒಂದು ಕಿಲೋದಷ್ಟು ಅನಿಲ ಸುಡುತ್ತದೆ. ಒಂದು ಕಿಲೋ ಅನಿಲ ಉರಿಯಲು ಸುಮಾರು 12 ಘನ ಮೀಟರ್, ಅಂದರೆ 420 ಘನ ಅಡಿ ಗಾಳಿ ಬೇಕು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ 192 ಘನ ಅಡಿ. ಕಾಲು ಗಂಟೆಯ ಸ್ನಾನದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಗಾಳಿ ಉರಿಗೆ ಹೋಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗಿ ಇಂಗಾಲದ ಮಾನಾಕ್ಸೈಡ್ ಹೊರಡುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಕಾಲು ಸೋಲುವುದು. ಬಾಗಿಲ ಚಿಲಕ ತೆಗೆಯುವಷ್ಟು ಬಲವೂ ಉಳಿಯದೆ ಜನ ಒಳಗೇ ಕುಸಿದಿದ್ದಾರೆ. ಇಂಥ ಸಾವಿನ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವುದನ್ನು ನೀವೂ ಓದಿರುತ್ತೀರಿ. ಇವು ತಪ್ಪಿಸಬಹುದಾದ ಸಾವುಗಳು, ಅದಕ್ಕೇ ನನಗೆ ಇಷ್ಟು ಸಂಕಟ.

ಗ್ಯಾಸ್ ಗೀಸರ್ ಬೇಡವೇ ಬೇಡ ಎನ್ನುತ್ತಿಲ್ಲ. ನಿಮ್ಮ ಬಟ್ಟೆ ಒಗೆಯುವ ಬಾಲ್ಕನಿ ತೆರೆದಿದ್ದರೆ ಅಲ್ಲಿ ಗೋಡೆಗೆ ಕೂರಿಸಿ, ಸಿಲಿಂಡರ್ ಕೂಡ ಅಲ್ಲೇ ಇರಲಿ. ಬಿಸಿನೀರಿನ ಕೊಳವೆಯೊಂದೇ ಬಚ್ಚಲಿನೊಳಗೆ ಬರಬೇಕು. ಕೊಳವೆ ಉದ್ದವಾದಷ್ಟೂ ಮೊದಲ ಒಂದೆರಡು ಚೊಂಬು ತಣ್ಣೀರು ಬರುತ್ತದೆ, ಅದನ್ನು ಬಕೆಟ್ಟಿಗೆ ಹಿಡಿದುಕೊಳ್ಳಿ. ಹೀಗೆ ಮಾಡಿದರೆ ಕರೆಂಟ್ ಕೊರತೆಯ ಮನೆಗೆ ಇದು ನಿಜಕ್ಕೂ ಅನುಕೂಲ. ಒಂದು ಬಕೆಟ್‌ಗೆ ಮೂವತ್ತೈದು ಗ್ರಾಮಿನಷ್ಟು ಅನಿಲ ಸಾಕು, 14.2 ಕಿಲೋ ಸಿಲಿಂಡರಿನಲ್ಲಿ ನಾನೂರು ಬಕೆಟ್‌ಗಳ ಲೆಕ್ಕ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಗ್ಯಾಸ್ ಗೀಸರ್‌ಗಳ ಮಾನಕದ ಸಂಖ್ಯೆ ಐಎಸ್ 15558.

ಇನ್ನೊಂದು ಅಂಶ ನೀರಿನ ಒತ್ತಡ. ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದು ನೀರು ರಭಸದಿಂದ ಒಳಗಿನ ಪರದೆಯನ್ನು ತಳ್ಳಿದಾಗ. ಟ್ಯಾಂಕ್ ಹತ್ತು ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ, ಎರಡು ಮೀಟರ್ ಮೇಲಿದ್ದರೆ 0.2 ಮಾತ್ರ. ನೀವು ಮೇಲಿನ ಮಹಡಿಯಲ್ಲಿದ್ದು ಟ್ಯಾಂಕ್ ತಲೆಯ ಮೇಲೇ ಇದ್ದರೆ ಗೀಸರ್ ಹೊತ್ತಿಕೊಳ್ಳದೆ ಟಕಟಕ ಎನ್ನುತ್ತಲೇ ಇರಬಹುದು. ಕೈಪಿಡಿಯಲ್ಲಿ ಬರೆದಿರುವ ಕನಿಷ್ಠ ಒತ್ತಡವನ್ನು ನೋಡದೆ ಹಣ ಕೊಡಬೇಡಿ. ಒತ್ತಡ ಹೆಚ್ಚಿಸುವ ಪಂಪು ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ, ಅದಕ್ಕೂ ಕರೆಂಟ್ ಬೇಕು ಎಂಬುದು ನೆನಪಿರಲಿ.

ತೆರೆದ ಬಾಲ್ಕನಿ ಇಲ್ಲವಾದರೆ ಗ್ಯಾಸ್ ಗೀಸರ್ ಆಸೆ ಬಿಟ್ಟುಬಿಡಿ. 15 ಲೀಟರಿನ ಶೇಖರಣಾ ಗೀಸರ್ ಹಾಕಿ ರಾತ್ರಿ ಮಲಗುವ ಮುನ್ನ ಕಾಯಿಸಿಡಿ. ಮತ್ತೆ, ಮುಚ್ಚಿದ ಆ ಕಿಟಕಿಯನ್ನು ತೆರೆಸಲು ಮಾಲೀಕರ ಜೊತೆ ಹೇಗೂ ಮಾತನಾಡಿ.

ಪ್ರಶ್ನೆ: ರೂಮಿನಲ್ಲಿ ಬಕೆಟ್‌ಗೆ ಹಾಕುವ ಕಾಯಿಲ್ ಬಳಸುತ್ತೇನೆ. ಅರ್ಧ ಕಾದಾಗ ಕರೆಂಟ್ ಹೋದರೆ ಹಾಗೇ ಬಿಟ್ಟು ಕಾಯಬಹುದೆ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡ ಮಗಳೇ. ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡು. ಆಮೇಲೇ ಬಕೆಟ್ಟಿನಿಂದ ಕಾಯಿಲ್ ತೆಗೆ. ನೀರು ಬೆಚ್ಚಗಾಗಿದೆಯೇ ಎಂದು ಕೈ ಅದ್ದುವುದು ಇಂಥ ಹೊತ್ತಿನಲ್ಲೇ, ಕರೆಂಟ್ ಇಲ್ಲವಲ್ಲ ಎಂಬ ಧೈರ್ಯದಿಂದ. ಅದು ಮರಳಿ ಬರುವಾಗ ಯಾರಿಗೂ ಹೇಳಿ ಬರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕಾದು ಬೇಸತ್ತು ನೀರು ತೆಗೆದುಕೊಂಡು, ಕಾಯಿಲನ್ನು ಖಾಲಿ ಬಕೆಟ್ಟಿನಲ್ಲಿ ಅಥವಾ ಮಂಚದ ಪಕ್ಕ ಇಟ್ಟು ಕಾಲೇಜಿಗೆ ಹೋದರೆ, ಹನ್ನೊಂದು ಗಂಟೆಗೆ ಕರೆಂಟ್ ಬಂದಾಗ ಅದು ಕೆಂಪಗೆ ಕಾಯುತ್ತದೆ. ಪ್ಲಾಸ್ಟಿಕ್ ಬಕೆಟ್, ಹಾಸಿಗೆ ಯಾವುದಕ್ಕೂ ಬೆಂಕಿ ಹತ್ತಬಹುದು. ರೂಮಿನ ಬೋರ್ಡಿಗೆ ಅರ್ಥಿಂಗ್ ಇದೆಯೇ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿದ್ದಾರೆಯೇ ಎಂದು ಮನೆಯವರನ್ನು ಕೇಳು. ಸಂಕೋಚ ಬೇಡ, ಕೇಳುವ ಹಕ್ಕು ನಿನಗಿದೆ. ಅವೆರಡೂ ಇಲ್ಲದ ಕಡೆ ಕಾಯಿಲ್ ಬಳಸಲೇಬೇಡ.

ಪ್ರಶ್ನೆ: ಐದು ಜನರ ಮನೆ. ಬೋರ್ ನೀರು ಸವಳು, ಪಾತ್ರೆಗೆಲ್ಲ ಬಿಳಿ ಪದರ ಕಟ್ಟುತ್ತದೆ. ಕರೆಂಟ್ ದಿನಕ್ಕೆ ಹಲವು ಸಲ ಹೋಗುತ್ತದೆ. ಸೋಲಾರ್ ಹಾಕಿಸಬೇಕು. ತಾಮ್ರದ ಕೊಳವೆಯ ಚಪ್ಪಟೆ ಫಲಕವೋ, ಗಾಜಿನ ಕೊಳವೆಯದೋ? ಪ್ರೆಶರ್ ಪಂಪು ಬೇಕೆ?
— ಓದುಗರು, ರೋಣ, ಗದಗ ಜಿಲ್ಲೆ

ಉತ್ತರ: ನಿಮ್ಮೂರಿನ ಬಿಸಿಲಿಗೆ ಸೋಲಾರ್ ಬಿಟ್ಟು ಬೇರೆ ಯೋಚನೆಯೇ ಬೇಡ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಇದಕ್ಕೆ ಒಂದು ವಾಟ್ ಕರೆಂಟೂ ಬೇಡ.

ಸವಳು ನೀರಿಗೆ ಗಾಜಿನ ಕೊಳವೆಯೇ ಸರಿ. ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿ ದಾರಿ ಮುಚ್ಚಿಹೋಗುತ್ತದೆ. ಗಾಜಿನ ಕೊಳವೆ ಅಗಲ, ಸುಣ್ಣ ತಳದಲ್ಲಿ ಕೂರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬಹುದು. ಒಳ ಟ್ಯಾಂಕ್ ಯಾವ ಉಕ್ಕಿನದು ಎಂದು ಬಾಯಿಬಿಟ್ಟು ಕೇಳಿ. ಸವಳಿನ ಉಪ್ಪಿನಂಶಕ್ಕೆ 304 ಎಂಬ ದರ್ಜೆಗಿಂತ 316ಎಲ್ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಟ್ಯಾಂಕಿನೊಳಗೆ ಮೆಗ್ನೀಸಿಯಮ್ ಕಡ್ಡಿ ಇದ್ದರೆ ಅದು ಸವೆದಾಗ ಬದಲಿಸಿ, ಟ್ಯಾಂಕಿನ ಬದಲು ಸವೆಯುವುದೇ ಅದರ ಕೆಲಸ.

ಗಾಜಿನ ಕೊಳವೆಯ ಮನೆಯವರು ಕರೆಂಟ್ ಹೋಗುವ ಊರಿನಲ್ಲಿ ಒಂದು ಎಚ್ಚರ ವಹಿಸಬೇಕು. ಬೆಳಗ್ಗೆ ಪಂಪು ಓಡದೆ ಟ್ಯಾಂಕ್ ಖಾಲಿಯಾಗಿ, ಕೊಳವೆಗಳೂ ಒಣಗಿ ಮಧ್ಯಾಹ್ನದ ಬಿಸಿಲಿಗೆ ನಿಂತರೆ ಅವುಗಳೊಳಗಿನ ಶಾಖ ಇನ್ನೂರು ಡಿಗ್ರಿ ದಾಟಬಹುದು. ಒಂದು ಗಂಟೆಗೆ ಕರೆಂಟ್ ಬಂದು ತಣ್ಣೀರು ನುಗ್ಗಿದರೆ ಗಾಜು ಪಟ್ಟೆಂದು ಸೀಳುತ್ತದೆ. ಸೋಲಾರ್‌ಗೆ ತಣ್ಣೀರು ಹೋಗುವ ಕೊಳವೆಯಲ್ಲಿ, ಕೈಗೆ ಎಟುಕುವಂತೆ ಒಂದು ವಾಲ್ವ್ ಹಾಕಿಸಿ. ಟ್ಯಾಂಕ್ ಒಣಗಿದೆ ಎಂದು ಗೊತ್ತಾದರೆ ಅದನ್ನು ಮುಚ್ಚಿ, ಹೊತ್ತು ಮುಳುಗಿ ಕೊಳವೆಗಳು ತಣಿದ ಮೇಲೆ ತೆರೆಯಿರಿ.

ಪ್ರೆಶರ್ ಪಂಪು ಬೇಡ. ಆ ಹಣದಲ್ಲಿ ತಣ್ಣೀರಿನ ಟ್ಯಾಂಕಿನ ಕಟ್ಟೆಯನ್ನು ಎತ್ತರಿಸಿ. ಸೋಲಾರ್ ನಿಂತಿರುವ ತಾರಸಿಯಿಂದ ಏಳೆಂಟು ಅಡಿ ಮೇಲಿದ್ದರೆ ನೀರು ತಾನಾಗಿ ತುಂಬಿಕೊಳ್ಳುತ್ತದೆ. ಮನೆಯವರು ಶವರಿನ ರಭಸ ಬೇಕೇ ಬೇಕೆಂದರೆ ಪಂಪಿನ ಪಕ್ಕದಲ್ಲಿ ಒಂದು ಬೈಪಾಸ್ ಕೊಳವೆಯನ್ನೂ, ಅದರಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವನ್ನೂ ಹಾಕಿಸಿ. ಇಲ್ಲವಾದರೆ ತಾರಸಿಯಲ್ಲಿ ಬಿಸಿನೀರು ತುಂಬಿದ್ದರೂ ಪಂಪು ನಿಂತಾಗ ನಲ್ಲಿಯಲ್ಲಿ ದಾರದಷ್ಟು ಬರುತ್ತದೆ.

ಐದು ಜನಕ್ಕೆ 150 ಲೀಟರ್ ಸಾಕು, ನೆಂಟರಿಷ್ಟರು ಬಂದು ಹೋಗುವ ಮನೆಯಾದರೆ 200. ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಇಡಿಸುವುದು ಅಂಗಡಿಯವರ ರೂಢಿ. ನಾನು ಅದನ್ನು ಒಪ್ಪುವುದಿಲ್ಲ. 200 ಲೀಟರನ್ನು 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್‌ಗಿಂತ ಹೆಚ್ಚು ಕರೆಂಟ್, ಎರಡು ಗಂಟೆಗಿಂತ ಹೆಚ್ಚು ಸಮಯ ಬೇಕು. ನಿಮ್ಮಲ್ಲಿ ಅಷ್ಟು ಹೊತ್ತು ಅದು ನಿಲ್ಲುವುದಿಲ್ಲ. ಬೆಳಗಿನ ಜಾವಕ್ಕೆಂದು ಟೈಮರ್ ಇಟ್ಟರೆ, ಬ್ಯಾಟರಿಯಿಲ್ಲದ ಅಗ್ಗದ ಟೈಮರ್ ಪ್ರತಿ ಸಲ ಕರೆಂಟ್ ಹೋದಾಗಲೂ ಅಷ್ಟಷ್ಟು ಹಿಂದೆ ಬಿದ್ದು, ವಾರ ಕಳೆಯುವುದರೊಳಗೆ ಮಧ್ಯಾಹ್ನಕ್ಕೆ ನೀರು ಕಾಯಿಸುತ್ತಿರುತ್ತದೆ. ಅದರ ಬದಲು ಬಚ್ಚಲಿನಲ್ಲಿ 10 ಲೀಟರಿನ ಪುಟ್ಟ ಶೇಖರಣಾ ಗೀಸರ್ ಇಟ್ಟುಕೊಳ್ಳಿ. ಕಾಲು ಗಂಟೆ ಕರೆಂಟ್ ಇದ್ದರೂ ಒಬ್ಬರ ಸ್ನಾನದ ನೀರು ಕಾಯುತ್ತದೆ. ಅದರ ಕಾಯಿಲ್‌ಗೂ ಸುಣ್ಣ ಹಿಡಿಯುತ್ತದೆ, ಸೋಲಾರ್ ಕೊಳವೆ ತೊಳೆಯುವ ದಿನವೇ ಇದನ್ನೂ ಬಿಚ್ಚಿಸಿ ಸ್ವಚ್ಛ ಮಾಡಿಸಿ.